ನಿಷೇಧ ಫಲಕದ ಕೆಳಗಿನ ಹೊಗೆ

ನಮ್ಮ ಮನೆಯ ಗ್ಯಾಲರಿಯಲ್ಲಿ ಒಂದು ಕೆಂಪು ಬಕೆಟ್ಟು ಕೊಕ್ಕೆಗೆ ನೇತಾಡುತ್ತಿದೆ. ಅದರ ತಳ ಗುಂಡಗಿದೆ. ಮನೆಗೆ ಬಂದವರು ಒಮ್ಮೆ ಅದನ್ನೂ ಒಮ್ಮೆ ನನ್ನನ್ನೂ ನೋಡಿ, "ಇದನ್ನು ನೆಲಕ್ಕಿಟ್ಟರೆ ಉರುಳುತ್ತದಲ್ಲ" ಎನ್ನುತ್ತಾರೆ. ಉರುಳಲಿ ಎಂದೇ ಹಾಗೆ ಮಾಡಿದ್ದು. ಕಾರ್ಖಾನೆಯ ಗೋಡೆಗೆ ಮರಳು ತುಂಬಿ ತೂಗುಹಾಕುವ ಬೆಂಕಿ ಬಕೆಟ್ಟದು. ತಳ ಸಪಾಟಾಗಿದ್ದರೆ ನಮ್ಮ ಜನ ಮರುದಿನವೇ ಅದನ್ನು ಮನೆಗೊಯ್ದು ಬಚ್ಚಲಲ್ಲಿ ಇಟ್ಟುಕೊಳ್ಳುತ್ತಾರೆಂದು ಬಲ್ಲ ಯಾರೋ ಮಹಾನುಭಾವರು ಅದಕ್ಕೆ ಗುಂಡು ತಳ ಕೊಟ್ಟರು. ಮನುಷ್ಯ ಸ್ವಭಾವದ ಬಗ್ಗೆ ತಮಗಿದ್ದ ಅಭಿಪ್ರಾಯವನ್ನು ಇಷ್ಟು ನಿಚ್ಚಳವಾಗಿ ತಗಡಿನಲ್ಲಿ ಬಡಿದು ತೋರಿಸಿದವರು ಇನ್ನೊಬ್ಬರಿಲ್ಲ. ಆದರೂ ಆ ಮಹಾನುಭಾವರಿಗೆ ನಮ್ಮ ಜನ ಪೂರ್ತಿ ಅರ್ಥವಾಗಿರಲಿಲ್ಲ. ಒಯ್ಯಲಾಗದ ಬಕೆಟ್ಟಿಗೆ ಉಗುಳಬಹುದು ಎಂಬುದು ಅವರಿಗೆ ಹೊಳೆದಿರಲಿಲ್ಲ. ನಮ್ಮ ಕಾರ್ಖಾನೆಯ ಬಕೆಟ್ಟುಗಳ ಮರಳು ಒಂದು ಕಿಡಿಯನ್ನೂ ಆರಿಸದೆ, ಮೂರು ಪಾಳಿಯ ಗುಟ್ಕಾ ಕುಡಿದು ಕೆಂಪಗೆ ಹೆಪ್ಪುಗಟ್ಟಿರುತ್ತಿತ್ತು.

ನಾನು ನಾಸಿಕದ ಅಂಬಡ್ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸೇಫ್ಟಿ ವಿಭಾಗದಲ್ಲಿದ್ದೆ. ಬೆಂಕಿ ಹತ್ತದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಇದೊಂದು ವಿಚಿತ್ರ ವೃತ್ತಿ. ಏನೂ ಆಗದಿದ್ದರೆ "ಈ ಮನುಷ್ಯ ಏನು ಮಾಡುತ್ತಾನೆ?" ಎನ್ನುತ್ತಾರೆ, ಏನಾದರೂ ಆದರೆ "ಈ ಮನುಷ್ಯ ಏನು ಮಾಡುತ್ತಿದ್ದ?" ಎನ್ನುತ್ತಾರೆ. ವರ್ಷಕ್ಕೆರಡು ಸಲ ಸೈರನ್ ಊದಿಸಿ ಅಣಕು ಕವಾಯತು ನಡೆಸುತ್ತಿದ್ದೆ. ಸೈರನ್ ಕೇಳಿದೊಡನೆ ಎಲ್ಲರೂ ಬಯಲಿನ ಹಸಿರು ಫಲಕದ ಕೆಳಗೆ ಸೇರಬೇಕು ಎಂಬುದು ನಿಯಮ. ಎಲ್ಲರೂ ಅಪೂರ್ವ ಶಿಸ್ತಿನಿಂದ ಕ್ಯಾಂಟೀನಿನಲ್ಲಿ ಸೇರುತ್ತಿದ್ದರು. ಒಮ್ಮೆ ಒಬ್ಬ ಫಿಟ್ಟರ್ ನನ್ನನ್ನು ತಡೆದು, "ಸಾಹೇಬ, ಮುಂದಿನ ಬೆಂಕಿ ಯಾವ ತಾರೀಖಿಗೆ? ಅವತ್ತು ರಜೆ ಹಾಕಬಾರದಲ್ಲ" ಎಂದು ಕೇಳಿದ. ಅವನ ನಿಷ್ಠೆಗೆ ನಾನು ತಲೆಬಾಗಿದೆ.

ಈಗ ನಿವೃತ್ತ. ನಮ್ಮ ವಸತಿ ಸೊಸೈಟಿಯ ಮಕ್ಕಳು ನನ್ನನ್ನು 'ಆಗ್‌ವಾಲೇ ಕಾಕಾ' ಅನ್ನುತ್ತವೆ. ಬೆಂಕಿ ಕಾಕಾ. ಬೆಂಕಿ ಹಚ್ಚುವವನೋ ಆರಿಸುವವನೋ ಎಂಬುದನ್ನು ಆ ಹೆಸರು ಜಾಣತನದಿಂದ ಹೇಳದೆ ಬಿಡುತ್ತದೆ.

ಸೊಸೈಟಿಯ ಕಂಪೌಂಡಿನಲ್ಲಿ ಎಂಟು ಕಾಡುಬಾದಾಮಿ ಮರಗಳಿವೆ. ಸಂಕ್ರಾಂತಿ ಕಳೆದರೆ ಸಾಕು, ಊಟದೆಲೆಯಷ್ಟು ಅಗಲದ ಕೆಂಪು ಎಲೆಗಳು ದಬದಬನೆ ಬೀಳತೊಡಗುತ್ತವೆ. ಚಂದಾಬಾಯಿ ಎಂಬ ಗಟ್ಟಿ ದನಿಯ ಹೆಂಗಸು ಬೆಳಿಗ್ಗೆ ಆರಕ್ಕೆ ಬಂದು, ಕಂಪೌಂಡು ಗುಡಿಸಿ, ಎಲೆಯನ್ನೆಲ್ಲ ಮೂಲೆಗೆ ರಾಶಿ ಹಾಕಿ ಕಡ್ಡಿ ಗೀರುತ್ತಾಳೆ. ಆ ಮೂಲೆಯ ಗೋಡೆಯ ಮೇಲೆ ಒಂದು ತಗಡಿನ ಫಲಕವಿದೆ: 'ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಲಾಗಿದೆ. ತಪ್ಪಿದವರಿಗೆ ದಂಡ.' ಮರಾಠಿಯಲ್ಲಿದೆ, ದೊಡ್ಡ ಅಕ್ಷರ. ವರ್ಷಾನುಗಟ್ಟಲೆ ಹೊಗೆ ಕುಡಿದು ಅದರ ಕೆಳಗಿನ ಅರ್ಧ ಕಪ್ಪಾಗಿ ನಿಷೇಧವೂ ದಂಡವೂ ಅಳಿಸಿಹೋಗಿವೆ. ಈಗ ಉಳಿದಿರುವುದು 'ಬಯಲಿನಲ್ಲಿ ಕಸ ಸುಡುವುದು' ಎಂಬಷ್ಟೇ. ಹೊಸಬರು ನೋಡಿದರೆ, ಇಲ್ಲಿ ಎಲ್ಲದಕ್ಕೂ ಜಾಗ ಗೊತ್ತುಮಾಡಿದ್ದಾರೆ, ವ್ಯವಸ್ಥೆ ಅಂದರೆ ಇದು, ಎಂದು ಮೆಚ್ಚಿಕೊಳ್ಳುವುದು ಸಹಜ.

ನಾನು ಹುಟ್ಟಿದ್ದು ಭಾಲ್ಕಿ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಒಂದೇ ಒಂದು ಫಲಕ ಇರಲಿಲ್ಲ. ಬೇಸಿಗೆಯಲ್ಲಿ ಗಾಳಿ ಎದ್ದ ದಿನ ತಳವಾರ ಹಲಗೆ ಬಾರಿಸುತ್ತ ಓಣಿ ಓಣಿ ತಿರುಗುತ್ತಿದ್ದ: "ಗಾಳಿ ಬಿಟ್ಟದ ಹೋ... ಹೊತ್ತು ನೆತ್ತಿಗೆ ಬರೂದ್ರೊಳಗ ಒಲಿ ಆರಸ್ರಿ ಹೋ..." ಅಷ್ಟೇ ಕಾನೂನು. ಮೇವಿನ ಬಣವಿಗಳು, ಜೋಳದ ಸೊಪ್ಪಿಯ ಚಪ್ಪರಗಳು, ಒಂದಕ್ಕೊಂದು ಅಂಟಿಕೊಂಡ ಮನೆಗಳು; ಒಂದು ಕಿಡಿ ಹಾರಿದರೆ ಊರಿಗೆ ಊರೇ ಬೂದಿ. ಹಲಗೆ ಸದ್ದು ಕೇಳಿದೊಡನೆ ನಮ್ಮ ಆಯಿ ಅರ್ಧ ಬೆಂದ ರೊಟ್ಟಿಯನ್ನು ಹೆಂಚಿನ ಮೇಲಿಂದ ಎತ್ತಿ, ಒಲೆಗೆ ನೀರು ಚಿಮುಕಿಸಿ, ಕೆಂಡವನ್ನು ಬೂದಿಯಲ್ಲಿ ಹೂತು, ಅದರ ಮೇಲೆ ಬೋಗುಣಿ ಬೋರಲು ಹಾಕುತ್ತಿದ್ದಳು. ಒಮ್ಮೆ ನಾನು ಆ ಬೂದಿಯಿಂದ ಒಂದು ಕೆಂಡ ಕದ್ದು ಮಾವಿನಕಾಯಿ ಸುಡಲು ಬಣವಿಯ ಹಿಂದೆ ಹೋಗಿದ್ದೆ. ಆಯಿ ನನ್ನನ್ನು ಹಿಡಿದದ್ದು ಹೊಗೆ ನೋಡಿ ಅಲ್ಲ, ಮನೆಯಲ್ಲಿ ನನ್ನ ಗಲಾಟೆ ಕೇಳದ್ದು ನೋಡಿ. ಅಂದು ನನ್ನ ಬೆನ್ನಿನ ಮೇಲೆ ಬರೆದ ನಿಯಮಾವಳಿ ಮುಂದೆ ನಾನು ಓದಿದ ಎಲ್ಲ ಕೈಪಿಡಿಗಳಿಗಿಂತ ಸ್ಪಷ್ಟವಾಗಿತ್ತು. ಅದನ್ನು ಇಂಗ್ಲಿಷಿಗೆ ಅನುವಾದಿಸುವ ಅಗತ್ಯವೂ ಬೀಳಲಿಲ್ಲ.

ಇರಲಿ, ಹೊಗೆಗೆ ಬರೋಣ. ನಾವಿರುವುದು ಎರಡನೆಯ ಮಹಡಿ, ಸರಿಯಾಗಿ ಆ ಮೂಲೆಯ ಮೇಲೆ. ನನ್ನ ಹೆಂಡತಿ ಮಹಾದೇವಿಗೆ ದಮ್ಮು. ಹೊಗೆ ಕಿಟಕಿಯೊಳಗೆ ಬಂದರೆ ಅವಳ ಎದೆಯಲ್ಲಿ ಹಾರ್ಮೋನಿಯಂ ಶುರುವಾಗುತ್ತದೆ. ಕಿಟಕಿ ಮುಚ್ಚಿದೆವು, ಒದ್ದೆ ಬಟ್ಟೆ ತೂಗುಹಾಕಿದೆವು, ಹೊಗೆ ತನಗೆ ಬೇಕಾದ ಸಂದಿ ಹುಡುಕಿಕೊಂಡಿತು. ಈ ವರ್ಷ ಒಂದು ಬೆಳಿಗ್ಗೆ ತುಟಿ ನೀಲಿಗಟ್ಟಿ, ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಕುಸಿದಳು. ಡಾಕ್ಟರು ಔಷಧಿ ಬರೆದು ಹೇಳಿದರು: "ಒಂದೋ ಹೊಗೆ ನಿಲ್ಲಬೇಕು, ಇಲ್ಲ ಇವರು ಆ ಮನೆಯಲ್ಲಿ ಇರಬಾರದು."

ಅವಳ ತಮ್ಮ ಶರಣಪ್ಪ ಛತ್ರಪತಿ ಸಂಭಾಜಿನಗರದ ಹೊರಗೆ ಶೇಂದ್ರಾದ ಕಾರ್ಖಾನೆಯಲ್ಲಿದ್ದಾನೆ. ಮರುದಿನವೇ ಬಂದು ಅಕ್ಕನನ್ನು ಕರೆದೊಯ್ದ. ಅಲ್ಲಿ ಅವಳ ಉಸಿರು ಸರಾಗ. ಸುತ್ತ ಕಾರ್ಖಾನೆಗಳ ಚಿಮಣಿಗಳ ನಡುವೆ ಆರಾಮ, ಯಾತ್ರಿಕರು ಪಾಪ ಕಳೆದುಕೊಳ್ಳಲು ಬರುವ ಈ ಪುಣ್ಯಕ್ಷೇತ್ರದಲ್ಲಿ ಉಸಿರಾಟವಿಲ್ಲ.

"ಮಾಮಾ, ಅಕ್ಕ ಇಲ್ಲೇ ಇರಲಿ," ಎಂದ ಶರಣಪ್ಪ ಫೋನಿನಲ್ಲಿ. "ಇಲ್ಲಿ ರಾತ್ರಿ ಪೂರಾ ನಿದ್ದಿ ಮಾಡ್ತಾಳ. ನೀವೂ ಬಂದುಬಿಡ್ರಿ. ಮನಿ ಭಾಡಿಗಿ ಕೊಡ್ರಿ."

"ನನ್ನ ಮನಿ ಅದೋ ಅದು."

"ಮನಿ ನಿಮ್ದೇ ಅದ. ಹವಾ ನಿಮ್ದಿಲ್ಲಲ್ಲ."

ನಲವತ್ತು ವರ್ಷ ಜೊತೆಗಿದ್ದವಳು ಮನೆಯಲ್ಲಿಲ್ಲದಿದ್ದರೆ ಏನಾಗುತ್ತದೆಂದು ವಿವರಿಸಲಾರೆ. ನಾನು ಬೇಯಿಸಿದ ಅನ್ನವನ್ನು ಚಂದಾಬಾಯಿಯ ನಾಯಿ ಮೂಸಿ, ನನ್ನ ಮುಖವನ್ನು ಕರುಣೆಯಿಂದ ನೋಡಿ, ದೂರ ಹೋಗಿ ಕೂತಿತು ಎಂದರೆ ಸಾಕು.

ಅವಳನ್ನು ಮನೆಗೆ ಕರೆತರಬೇಕು. ಅದಕ್ಕೆ ಹೊಗೆ ನಿಲ್ಲಬೇಕು. ನಾನು ವೃತ್ತಿಯಿಂದ ಬಲ್ಲ ಏಕೈಕ ಆಯುಧವನ್ನು ಕೈಗೆತ್ತಿಕೊಂಡೆ, ಅರ್ಜಿ ಬರೆದೆ. ಮೂರು ಪ್ರತಿ. ವಿಷಯ, ಉಲ್ಲೇಖ, ಅಡಕ ಎಲ್ಲವೂ ಇದ್ದ ಅರ್ಜಿ. ಒಂದು ಕಚೇರಿಗೆ ಹೋದೆ. ಯಾವುದೆಂದು ಕೇಳಬೇಡಿ, ಎಲ್ಲ ಕಚೇರಿಗಳೂ ಒಂದೇ ಮೇಜನ್ನು ಸರದಿಯ ಮೇಲೆ ಬಳಸುತ್ತವೆ. ಅಲ್ಲಿದ್ದವರು ಅರ್ಜಿಯನ್ನು ತಿರುಗಿಸಿ ಮುರುಗಿಸಿ, "ಹೊಗೆಯ ಫೋಟೋ?" ಎಂದರು. ಮರುದಿನ ಫೋಟೋ ಒಯ್ದೆ. "ಇದರಲ್ಲಿ ಬೆಂಕಿ ಕಾಣುವುದಿಲ್ಲವಲ್ಲ" ಎಂದರು. ಬೆಂಕಿಯ ಫೋಟೋ ಒಯ್ದೆ. "ಇದರಲ್ಲಿ ಹೊಗೆ ಇಲ್ಲ" ಎಂದರು. ಎರಡೂ ಇರುವ ಫೋಟೋ ಒಯ್ದೆ. "ಹಚ್ಚುವವರ ಮುಖ ಬೇಕಿತ್ತು." ಕೊನೆಗೆ ಮೊಬೈಲಿನಲ್ಲಿ ದೂರು ಸಲ್ಲಿಸಬಹುದೆಂದು ಕಲಿಸಿಕೊಟ್ಟರು. ಸಲ್ಲಿಸಿದೆ. ಮೂರು ದಿನದಲ್ಲಿ ಉತ್ತರ ಬಂತು: 'ದೂರು ಪರಿಹರಿಸಲಾಗಿದೆ.' ಸಾಕ್ಷಿಗೆ ಒಂದು ಚಿತ್ರವೂ ಇತ್ತು. ನಮ್ಮ ಮೂಲೆಯ ಆ ಫಲಕದ ಚಿತ್ರ. ಯಾರೋ ಬಂದು ಫಲಕ ಇದೆಯೇ ಎಂದು ನೋಡಿ, ಇದೆ ಎಂದು ಖಚಿತಪಡಿಸಿಕೊಂಡು ಹೋಗಿದ್ದರು. ಚಿತ್ರದ ಕೆಳಅಂಚಿನಲ್ಲಿ ಸಣ್ಣಗೆ ಹೊಗೆ ಏಳುತ್ತಿತ್ತು.

ಆಗ ನಮ್ಮ ಸೊಸೈಟಿಯ ಚೇರ್ಮನ್ ಸಾಹೇಬರ ಕದ ತಟ್ಟಿದೆ. ಅವರು ಕಾರ್ಯಶೀಲರು. ಎರಡೇ ದಿನದಲ್ಲಿ ಸಭೆ ಕರೆದರು, ಒಂಬತ್ತು ಜನ ಬಂದರು, ಸಮೋಸಾ ಬಂತು, ಕಸ ಸುಡಬಾರದೆಂದು ಸರ್ವಾನುಮತದ ಠರಾವು ಪಾಸಾಯಿತು. ಠರಾವಿನ ಪ್ರತಿ ನನ್ನ ಕೈಗೆ ಬಂದಾಗ ನನ್ನ ಕಣ್ಣು ಮಂಜಾಯಿತು. ಸಹಿ ಇತ್ತು, ಮೊಹರು ಇತ್ತು. ಕೂಡಲೇ ಶೇಂದ್ರಾಕ್ಕೆ ಫೋನು ಮಾಡಿದೆ.

"ಮಾದೇವಿ, ಕೆಲಸ ಆತು. ಠರಾವು ಪಾಸಾಗ್ಯಾದ. ಐತವಾರ ಬಂದುಬಿಡು."

"ಠರಾವು ಪಾಸಾತು, ಖರೇ. ಹೊಗಿ ನಿಂತದೇನ್ರಿ?"

"ಠರಾವು ಆದ ಮ್ಯಾಲ ಹೊಗಿ ಎಲ್ಲಿಂದ ಬರ್ತದ?"

"ಮೊದಲೆಲ್ಲಿಂದ ಬರ್ತಿತ್ತೋ ಅಲ್ಲಿಂದ."

"ನಿನಗ ನನ್ನ ಮ್ಯಾಲ ಭರೋಸಾ ಇಲ್ಲೇನು?"

"ನಿಮ್ಮ ಮ್ಯಾಲ ಅದ. ಕಾಗದದ ಮ್ಯಾಲ ಇಲ್ಲ. ಬರ್ತೀನಿ, ಬಿಡ್ರಿ. ತಮ್ಮ ಗಾಡ್ಯಾಗ ತಂದು ಬಿಡ್ತಾನ."

ಇಲ್ಲಿಗೆ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಆದರೆ ಚೇರ್ಮನ್ ಸಾಹೇಬರು ಠರಾವಿಗೆ ನಿಲ್ಲುವವರಲ್ಲ. ಅದೇ ಭಾನುವಾರ ಬೆಳಿಗ್ಗೆ ಅಗ್ನಿ ಸುರಕ್ಷಾ ಪ್ರಾತ್ಯಕ್ಷಿಕೆ ಇಟ್ಟುಕೊಂಡರು. ಮುಖ್ಯ ಅತಿಥಿ ನಾನು. ಬೆಂಕಿ ಆರಿಸುವುದು ಹೇಗೆಂದು ತೋರಿಸಬೇಕು, ಶಾಲು ಹೊದಿಸುತ್ತಾರೆ, ಫೋಟೋ ತೆಗೆಯುತ್ತಾರೆ.

"ಬೆಂಕಿ ಹಚ್ಚುವುದು ಬೇಡ, ಮಾತಿನಲ್ಲೇ ಹೇಳುತ್ತೇನೆ" ಎಂದೆ, ಮರಾಠಿಯಲ್ಲಿ.

"ಆಗ್ ನಸೇಲ್ ತರ ವಿಝವಾಯಚಂ ಕಾಯ, ಸಾಹೇಬ?" ಎಂದರು. ಬೆಂಕಿಯೇ ಇಲ್ಲದಿದ್ದರೆ ಆರಿಸುವುದೇನನ್ನು? ತರ್ಕಕ್ಕೆ ನಾನು ಸೋತೆ. ತರ್ಕಕ್ಕಿಂತ ಶಾಲಿಗೆ ಸೋತೆ ಎಂದರೆ ಸತ್ಯಕ್ಕೆ ಹತ್ತಿರ. ನಿವೃತ್ತನಿಗೆ ಶಾಲು ಹೊದಿಸುತ್ತೇನೆಂದರೆ ಅವನು ಚಳಿ ಇಲ್ಲದ ಊರಿನಲ್ಲೂ ನಡುಗುತ್ತ ಬಂದು ನಿಲ್ಲುತ್ತಾನೆ.

ಹೀಗೆ ಕಸ ಸುಡುವುದು ನಿಂತ ಸಂಭ್ರಮಾಚರಣೆಗೆಂದು ಒಂದು ವಾರದ ಎಲೆ ಕೂಡಿಹಾಕಿ ಸುಡುವ ಏರ್ಪಾಡಾಯಿತು. ಇಷ್ಟು ದೊಡ್ಡ ರಾಶಿ ಆ ಮೂಲೆ ಎಂದೂ ಕಂಡಿರಲಿಲ್ಲ. ಒಣ ಎಲೆ ಭಗ್ಗನೆ ಉರಿದುಹೋಗುತ್ತದೆ, ಫೋಟೋದಲ್ಲಿ ಏನೂ ಬರುವುದಿಲ್ಲ, ಮೇಲೊಂದಿಷ್ಟು ಹಸಿ ಎಲೆ ಹಾಕಿದರೆ ಹೊಗೆ ಚೆನ್ನಾಗಿ ಏಳುತ್ತದೆ ಎಂಬ ತಜ್ಞ ಸಲಹೆ ಯಾರದೆಂದು ದಯವಿಟ್ಟು ಕೇಳಬೇಡಿ. ಮಹಾದೇವಿ ಮಧ್ಯಾಹ್ನಕ್ಕೆ ಬರುವವಳು, ಅಷ್ಟರೊಳಗೆ ಎಲ್ಲ ಆರಿ ಗಾಳಿಗೆ ಹೋಗಿರುತ್ತದೆ ಎಂಬುದು ನನ್ನ ಲೆಕ್ಕ.

ಹತ್ತು ಗಂಟೆಗೆ ಬೆಂಕಿ ಹಚ್ಚಿದರು. ತಲೆಗೆ ಹೆಲ್ಮೆಟ್ಟು, ಮೈಮೇಲೆ ಶಾಲು ಧರಿಸಿ ನಾನು ಸಾರ್ವಜನಿಕರನ್ನು ಉದ್ದೇಶಿಸಿ ಎರಡು ಮಾತಾಡಿದೆ. ಬೆಂಕಿಯ ಬುಡಕ್ಕೆ ಗುರಿಯಿಡಬೇಕು, ಗಾಳಿಗೆ ಬೆನ್ನುಮಾಡಿ ನಿಲ್ಲಬೇಕು, ಗಾಬರಿ ಕೂಡದು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಮೆಟ್ಟಿಲ ಕೆಳಗಿನ ಕೆಂಪು ಸಿಲಿಂಡರನ್ನು ತರಿಸಿ, ಪಿನ್ನು ಎಳೆದೆ. ಬರಲಿಲ್ಲ. ಇಕ್ಕಳ ತರಿಸಿದೆ. ಬಂತು. ಹಿಡಿ ಒತ್ತಿದೆ. ಸೋಡಾ ಬಾಟಲಿ ತೆರೆದಷ್ಟು ಸದ್ದಾಗಿ, ಮೂತಿಯಿಂದ ಒಂದು ಚಿಟಿಕೆ ಬಿಳಿ ಪುಡಿ ನನ್ನ ಚಪ್ಪಲಿಯ ಮೇಲೆ ಉದುರಿತು. ಅಷ್ಟೇ.

ಚೇರ್ಮನ್ ಸಾಹೇಬರು ಸಿಲಿಂಡರಿಗೆ ಕಟ್ಟಿದ್ದ ಚೀಟಿಯನ್ನು ಎತ್ತಿ ಹಿಡಿದು ಗುಡುಗಿದರು, "ಇದನ್ನು ತಪಾಸಣೆ ಮಾಡಿ ಸಹಿ ಹಾಕಿದವರು ಯಾರು?"

ಸಹಿ ಹಾಕಿದವನು ನಾನು. ಸೊಸೈಟಿಯ ಗೌರವ ಸಲಹೆಗಾರನಾಗಿ, ಪ್ರತಿ ತಿಂಗಳು, ಚಹಾ ಕುಡಿಯುತ್ತ, ಸಿಲಿಂಡರಿನ ಮುಖವನ್ನೂ ನೋಡದೆ, ಸುಂದರವಾದ ಅಕ್ಷರದಲ್ಲಿ.

ಅಷ್ಟರಲ್ಲಿ ಹಸಿ ಎಲೆಗಳು ನನ್ನ ಸಲಹೆಯಂತೆ ಕೆಲಸ ಶುರುಮಾಡಿದ್ದವು. ಹಳದಿ ಹೊಗೆ ಹತ್ತಿಯ ಮೂಟೆ ಬಿಚ್ಚಿದಂತೆ ಹೊರಳಿ ಹೊರಳಿ ಮೇಲೆದ್ದಿತು. ಜನ ಕೆಮ್ಮುತ್ತ ಚದುರಿದರು. ಈ ಒಂದು ಸಲ ಕವಾಯತು ಯಶಸ್ವಿಯಾಯಿತು. ನನ್ನ ಕಣ್ಣಲ್ಲಿ ಧಾರಾಕಾರ ನೀರು. ಆ ನೀರಿನ ಆಚೆ, ಗೇಟಿನಲ್ಲಿ, ಒಂದು ಬಿಳಿ ಕಾರು ನಿಂತಿತ್ತು. ಶರಣಪ್ಪ ನಸುಕಿನಲ್ಲೇ ಹೊರಟು ಎರಡು ತಾಸು ಮೊದಲೇ ಬಂದುಬಿಟ್ಟಿದ್ದ.

ಕಾರಿನ ಕಿಟಕಿಯಲ್ಲಿ ಮಹಾದೇವಿ ಸೆರಗನ್ನು ಮೂಗಿಗೆ ಒತ್ತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೆಲ್ಮೆಟ್ಟು, ಶಾಲು, ಕೈಯಲ್ಲಿ ಸತ್ತ ಸಿಲಿಂಡರು, ಹಿಂದೆ ಹೊಗೆಯ ಗುಡ್ಡ.

"ಠರಾವು ಭಾಳ ಚಂದ ಉರಿಲಿಕತ್ಯಾದಲ್ರಿ," ಎಂದಳು. ಮುಂದಿನ ಮಾತು ಕೆಮ್ಮಿನಲ್ಲಿ ಮುರಿಯಿತು. ಎದೆ ಹಿಡಿದುಕೊಂಡು ಉಸಿರಿಗಾಗಿ ಬಾಯಿ ತೆರೆದಳು. ಆ ಸೀಟಿಯಂಥ ಸದ್ದು ನಾನಿದ್ದ ಮೂಲೆಯವರೆಗೂ ಕೇಳಿತು. ನಾನು ಓಡಿದೆ. ಅವಳು ಕೈಯಿಂದಲೇ ನನ್ನನ್ನು ತಡೆದಳು. ನನ್ನ ಮೈಯೆಲ್ಲ ಹೊಗೆ ನಾರುತ್ತಿತ್ತು.

"ತಮ್ಮಾ, ಗಾಡಿ ತಿರುವು."

ಶರಣಪ್ಪ ನನ್ನ ಮುಖ ನೋಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಬರ್ತೀವ್ರಿ ಮಾಮಾ" ಎಂದಷ್ಟೇ ಹೇಳಿ ಗಾಡಿ ತಿರುಗಿಸಿದ.

ನಾನು ಶಾಲು ಹೊದ್ದು ಅಲ್ಲೇ ನಿಂತಿದ್ದೆ. ಹಿಂದೆ ಛಸ್ ಎಂಬ ಸದ್ದಾಯಿತು. ಚಂದಾಬಾಯಿ ನಲ್ಲಿಯಿಂದ ನೀರು ತಂದು ಸುರಿದು, ಪೊರಕೆಯಿಂದ ರಾಶಿಯನ್ನು ಕೆದರಿ, ಮತ್ತೆ ಸುರಿದು, ಐದು ನಿಮಿಷದಲ್ಲಿ ಬೆಂಕಿಯನ್ನು ಮುಗಿಸಿದಳು. ಅವಳಿಗೆ ಯಾರೂ ಶಾಲು ಹೊದಿಸಲಿಲ್ಲ. ನನಗೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು.

"ಎಲ್ಲ ನಿನ್ನಿಂದ," ಎಂದೆ. "ದಿನಾ ಬೆಂಕಿ ಹಚ್ಚುವವಳು ನೀನು."

ಅವಳು ಪೊರಕೆ ನೆಲಕ್ಕೆ ಊರಿ ನಿಂತಳು. "ಮಗ್ ಕುಠೇ ಟಾಕೂ, ಕಾಕಾ? ತುಮ್ಹೀಚ್ ಸಾಂಗಾ." ಹಾಗಾದರೆ ಎಲ್ಲಿ ಹಾಕಲಿ, ನೀವೇ ಹೇಳಿ. ಬೆಳಿಗ್ಗೆ ಬರುವ ಘಂಟಾಗಾಡಿಯವನು ಅಡುಗೆಮನೆಯ ಕಸ ಮಾತ್ರ ಒಯ್ಯುತ್ತಾನೆ, ಎಲೆ ಕಂಡರೆ ಗಂಟೆ ಬಾರಿಸುತ್ತ ಹೊರಟುಹೋಗುತ್ತಾನೆ. ರಸ್ತೆಗೆ ಹಾಕಿದರೆ ಪಕ್ಕದವರು ಜಗಳಕ್ಕೆ ಬರುತ್ತಾರೆ. ಎಂಟು ಗಂಟೆಗೆ ಕಂಪೌಂಡಿನಲ್ಲಿ ಒಂದು ಎಲೆ ಕಂಡರೆ ಚೇರ್ಮನ್ನರು ಕೂಗಾಡುತ್ತಾರೆ. "ನನಗೂ ಕಣ್ಣು ಉರಿಯುತ್ತದೆ, ಕಾಕಾ. ನಿಮ್ಮ ಮನೆಯವರ ಕೆಮ್ಮು ನನಗೂ ಕೇಳಿಸುತ್ತಿತ್ತು. ಎಷ್ಟು ಅರ್ಜಿ ಬರೆದಿರಿ, ಒಮ್ಮೆ ಕೆಳಗಿಳಿದು ನನ್ನನ್ನು ಕೇಳಿದಿರಾ?"

ಕೇಳಿರಲಿಲ್ಲ. ನನ್ನ ಅರ್ಜಿಗಳಲ್ಲಿ ಎಲ್ಲ ಇತ್ತು: ಹೊಗೆಯ ದಿಕ್ಕು, ಬೆಂಕಿಯ ವೇಳೆ, ಸಂಬಂಧಪಟ್ಟ ನಿಯಮ. ಎಲೆ ಎಲ್ಲಿಗೆ ಹೋಗಬೇಕು ಎಂಬುದೊಂದು ಬಿಟ್ಟು.

ಮರುದಿನ ಪಂಪ್ ಮನೆಯ ಹಿಂದೆ ಬಿದ್ದಿದ್ದ ಹಳೆಯ ಕಬ್ಬಿಣದ ಜಾಳಿಗೆಯನ್ನು ನಾನು ಮತ್ತು ಚಂದಾಬಾಯಿ ಸುತ್ತುಗಟ್ಟಿ ನಿಲ್ಲಿಸಿದೆವು. ಆಳೆತ್ತರದ ಗೂಡು. ದಿನದ ಎಲೆ ಅದರೊಳಗೆ ಸುರಿದು, ಮೇಲೆ ಒಂದು ಹಿಡಿ ಮಣ್ಣು, ನಾಲ್ಕು ತಂಬಿಗೆ ನೀರು; ಸುಡದೆಯೇ ಕೊಳೆತು ಗೊಬ್ಬರವಾಗಲಿ ಎಂದು. ಚೇರ್ಮನ್ ಸಾಹೇಬರು ಬಂದು, ಇದರಿಂದ ಸೊಸೈಟಿಯ ಸೌಂದರ್ಯ ಕೆಡುತ್ತದೆ, ಇದಕ್ಕೆ ಠರಾವಾಗಿಲ್ಲ ಎಂದರು. ಚಂದಾಬಾಯಿ, ಹಾಗಾದರೆ ನಾಳೆಯಿಂದ ಎಲೆಯನ್ನು ನಿಮ್ಮ ಬಾಗಿಲಲ್ಲಿ ಸುರಿಯುತ್ತೇನೆ, ಚೆಂದ ಕಾಣುತ್ತದೆ ಎಂದಳು. ಸೌಂದರ್ಯದ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು. ನಾನು ಮಹಾದೇವಿಗೆ ಏನೂ ಹೇಳಲಿಲ್ಲ. ಹೇಳುವ ಮುಖ ಇರಲಿಲ್ಲ. ಪ್ರತಿದಿನ ಎಂಟು ಗಂಟೆಗೆ ಗ್ಯಾಲರಿಯಿಂದ ಮೂಲೆಯ ಚಿತ್ರ ತೆಗೆದು ಕಳಿಸುತ್ತಿದ್ದೆ, ಒಂದು ಅಕ್ಷರವೂ ಬರೆಯದೆ. ನನ್ನ ಜೀವನದಲ್ಲಿ ವಿವರಣೆಯಿಲ್ಲದ ಪತ್ರವ್ಯವಹಾರ ಅದೊಂದೇ.

ಇಪ್ಪತ್ತು ದಿನದ ಮೇಲೆ ಒಂದು ಮಧ್ಯಾಹ್ನ ಅವಳು ಒಬ್ಬಳೇ ಬಸ್ಸಿಳಿದು ಬಂದಳು. ತಂದ ಚೀಲವನ್ನು ಬಾಗಿಲ ಪಕ್ಕದಲ್ಲೇ ಇಟ್ಟಳು, ಒಳಗೆ ಒಯ್ಯಲಿಲ್ಲ. ದಿನಾ ಅದರಿಂದಲೇ ಒಂದು ಸೀರೆ ತೆಗೆದು ಉಡುತ್ತಿದ್ದಳು, ಒಗೆದದ್ದನ್ನು ಮಡಚಿ ಅದರೊಳಗೇ ಇಡುತ್ತಿದ್ದಳು. ನಾನು ಆ ಚೀಲವನ್ನು ದಾಟುವಾಗಲೆಲ್ಲ ಕಾಲಿಗೆ ತಾಗದಂತೆ ನಡೆಯುತ್ತಿದ್ದೆ.

ಆರನೆಯ ದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದೆವು. ಆ ವಾಸನೆ ಬಂತು. ಅವಳ ಕೈ ಕಪ್ಪಿನ ಮೇಲೆ ನಿಂತಿತು. ಗ್ಯಾಲರಿಗೆ ಓಡಿದೆ. ನಮ್ಮ ಮೂಲೆ ಸ್ವಚ್ಛವಾಗಿತ್ತು. ಹೊಗೆ ಪಕ್ಕದ ಸೊಸೈಟಿಯ ಕಂಪೌಂಡಿನಿಂದ ಏಳುತ್ತಿತ್ತು, ಗಾಳಿ ನಮ್ಮ ಕಡೆಗಿತ್ತು. ಒಳಗೆ ಬಂದಾಗ ಅವಳು ಎರಡು ಸಲ ಕೆಮ್ಮಿ, ದಮ್ಮಿನ ಔಷಧಿಯ ಪಂಪು ಬಾಯಿಗಿಟ್ಟು ಎಳೆದುಕೊಂಡು, ಚೀಲದ ಹತ್ತಿರ ನಿಂತಿದ್ದಳು. ಅದರ ಹಿಡಿಕೆ ಅವಳ ಕೈಯಲ್ಲಿತ್ತು.

ನಾನು ಮೇಜಿನ ಮುಂದೆ ಕೂತು ಕಾಗದ ತೆಗೆದುಕೊಂಡೆ. "ಇವತ್ತೇ ಬರಿತೀನಿ. ಈ ಸರ್ತಿ ಮ್ಯಾಲಿನ ಆಫೀಸಿಗೇ ಬರಿತೀನಿ."

ಅವಳು ಬಂದು ಪೆನ್ನನ್ನು ನನ್ನ ಬೆರಳಿನಿಂದ ಬಿಡಿಸಿಕೊಂಡಳು.

"ಬರಿಬ್ಯಾಡ್ರಿ. ಕೆಳಗ ಹೋಗ್ರಿ. ಅಲ್ಲಿ ಕಸಾ ಗುಡಸಾಕಿಗೆ ಎಲಿ ಹಾಕ್ಲಿಕ್ಕ ಜಾಗಾ ಅದನೋ ಇಲ್ಲೋ, ಕೇಳಿ ಬರ್ರಿ. ಇಲ್ಲಂದ್ರ ನಮ್ಮ ಜಾಳಿಗ್ಯಾಗ ಹಾಕು ಅನ್ರಿ."

"ಅವರ ಚೇರ್ಮನ್ನರು ಯಾರಂತ ನನಗ ಗೊತ್ತಿಲ್ಲಲ್ಲ."

"ಚೇರ್ಮನ್ ಯಾಕ ಬೇಕ್ರಿ? ಚಂದಾಬಾಯಿನ್ನ ಕರಕೊಂಡು ಹೋಗ್ರಿ. ನೀವು ಬರೂದ್ರಾಗ ನಾ ಈ ಅರಿವಿ ಕಪಾಟಿನ್ಯಾಗ ಇಡ್ತೀನಿ. ಹೋಗ್ರಿ, ನಿಂತ್ರ್ಯಾಕ?"

ನಾನು ಬರಿಗೈಯಲ್ಲಿ ಮೆಟ್ಟಿಲಿಳಿದೆ. ವಿಷಯ, ಉಲ್ಲೇಖ, ಅಡಕ ಯಾವುದೂ ಇಲ್ಲದೆ ಗುರುತಿಲ್ಲದ ಮನುಷ್ಯರೊಡನೆ ಮಾತನ್ನು ಎಲ್ಲಿಂದ ಶುರುಮಾಡುವುದೆಂದು ಗೇಟು ಮುಟ್ಟುವವರೆಗೂ ನನಗೆ ಹೊಳೆಯಲಿಲ್ಲ.